ನಿಮಗಿದು ಗೊತ್ತೆ? ಕೆಮ್ಮಿದರೆ ಮೂತ್ರ ಸೋರುವುದೇಕೆ?

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಕೆಲವು ಮಹಿಳೆಯರಿಗೆ ತಡೆಯಲಾಗದೆ ಮೂತ್ರ ಸೋರುತ್ತದೆ. ಹೆರಿಗೆಯಲ್ಲಿ ಹಿಗ್ಗಿದ ಸೊಂಟದ ತಳದ ಸ್ನಾಯುಗಳು ಮೂತ್ರನಾಳಕ್ಕೆ ಸಾಕಷ್ಟು ಆಸರೆ ಕೊಡದಿರುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಈ ಸಡಿಲಿಕೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಕಾಣಬಹುದು. ಸಾಧನವನ್ನು ಜನನಾಂಗದ ಹೊರಭಾಗದಲ್ಲೇ ಇಟ್ಟು, ಮಹಿಳೆ ಸುಮ್ಮನೆ ಮಲಗಿದ್ದಾಗ ಒಮ್ಮೆ, ಮುಕ್ಕಿದಾಗ ಇನ್ನೊಮ್ಮೆ ಮೂತ್ರಕೋಶದ ಕತ್ತು ಎಷ್ಟು ಮಿಲಿಮೀಟರ್ ಕೆಳಗೆ ಜಾರಿತೆಂದು ಅಳೆಯುತ್ತಾರೆ. ಮೂತ್ರನಾಳದ ಮೇಲ್ತುದಿ ಆಲಿಕೆಯಂತೆ ಅಗಲವಾಗುವುದೂ ಕೆಲವೊಮ್ಮೆ ಕಾಣುತ್ತದೆ.

ಆದರೆ ಚಿತ್ರದ ಅಳತೆಗೂ ಬದುಕಿನ ತೊಂದರೆಗೂ ಸದಾ ತಾಳೆಯಾಗದು. ತುಸುವೇ ಸೋರಿದರೂ ಮದುವೆ ಮನೆಗೆ, ದೂರದ ಬಸ್ ಪ್ರಯಾಣಕ್ಕೆ ಹಿಂಜರಿಯುವವರುಂಟು. ನಾಚಿಕೆಯಿಂದ ವೈದ್ಯರಿಗೂ ಹೇಳದವರುಂಟು. ಹಾಗಾಗಿ ಪ್ರಶ್ನಾವಳಿಯೂ ಬೇಕು. ‘ಐಸಿಐಕ್ಯು’ ಕಿರು ಪ್ರಶ್ನಾವಳಿ ಎಷ್ಟು ಸಲ, ಎಷ್ಟು ಪ್ರಮಾಣ, ದಿನಚರಿಗೆ ಎಷ್ಟು ಅಡ್ಡಿ ಎಂದು ಕೇಳಿ 0ಯಿಂದ 21ರವರೆಗೆ ಅಂಕ ನೀಡುತ್ತದೆ. ಅದರಲ್ಲಿ 10 ಅಂಕ ಅಡ್ಡಿಯೊಂದಕ್ಕೇ ಮೀಸಲು.

ಚಿಕಿತ್ಸೆ ಶುರುವಾಗುವುದು ವ್ಯಾಯಾಮದಿಂದ. ಸೊಂಟದ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಈ ಅಭ್ಯಾಸವನ್ನು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದರು. ಕನಿಷ್ಠ 3 ತಿಂಗಳು ಬಿಡದೆ ಮಾಡಬೇಕು.