ಪಂದ್ಯಪಟ್ಟಿಯ ಗಣಿತ, ಯುದ್ಧದ ಬಣಗಳು

ಪ್ರಶ್ನೆ: ಪಂದ್ಯಾವಳಿಗಳಲ್ಲಿ ಬಳಸುವಂಥ ಗಣಿತವನ್ನೇ ಯುದ್ಧಗಳ ಅಧ್ಯಯನಕ್ಕೂ ಬಳಸುತ್ತಾರಂತೆ, ನಿಜವೇ?

ಉತ್ತರ: ನಿಜ. ಎರಡರಲ್ಲೂ ಇರುವುದು ಜೋಡಿಗಳ ಲೆಕ್ಕ. ಹತ್ತು ತಂಡಗಳು ಪರಸ್ಪರ ಒಮ್ಮೊಮ್ಮೆ ಆಡಿದರೆ 45 ಪಂದ್ಯ. ತಂಡಗಳನ್ನು ಎರಡು ಸಾಲಿನಲ್ಲಿ ಎದುರುಬದುರಾಗಿ ನಿಲ್ಲಿಸಿ, ಒಂದು ತಂಡವನ್ನು ಕದಲಿಸದೆ, ಉಳಿದ ಒಂಬತ್ತನ್ನು ಪ್ರತಿ ಸುತ್ತಿಗೂ ಒಂದೊಂದು ಸ್ಥಾನ ಸರಿಸಿದರೆ 9 ಸುತ್ತಿನಲ್ಲಿ ಎಲ್ಲ ಮುಗಿಯುತ್ತದೆ.

ಈಗ ತಂಡಗಳ ಜಾಗದಲ್ಲಿ ದೇಶಗಳನ್ನಿಡಿ. ಪ್ರತಿ ಜೋಡಿಯ ನಡುವೆ ಒಂದು ಗೆರೆ. ಸ್ನೇಹಕ್ಕೆ ಪ್ಲಸ್, ಹಗೆಗೆ ಮೈನಸ್. ಮೂರು ದೇಶಗಳ ತ್ರಿಕೋನದಲ್ಲಿ ಮೂರೂ ಚಿಹ್ನೆಗಳ ಗುಣಲಬ್ಧ ಪ್ಲಸ್ ಆದರೆ ಅದು ಸಮತೋಲದಲ್ಲಿದೆ. ಶತ್ರುವಿನ ಶತ್ರು ಮಿತ್ರನಾಗುವುದು ಇಲ್ಲೇ. ಸಂಶೋಧಕರಾದ ಕಾರ್ಟ್‌ರೈಟ್ ಮತ್ತು ಹರಾರಿ 1956ರಲ್ಲಿ ಸಾಧಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಎಲ್ಲ ತ್ರಿಕೋನಗಳೂ ಸಮತೋಲದಲ್ಲಿದ್ದರೆ ದೇಶಗಳೆಲ್ಲ ಒಂದೇ ಬಣದಲ್ಲಿರಬೇಕು, ಇಲ್ಲವೇ ಎರಡು ಎದುರಾಳಿ ಬಣಗಳಾಗಿ ಒಡೆದಿರಬೇಕು. ಮೂರನೇ ದಾರಿಯಿಲ್ಲ.

ಮೊದಲ ಮಹಾಯುದ್ಧದ ಮುಂಚಿನ ಯುರೋಪನ್ನು ನೋಡಿ. ಆರು ಶಕ್ತಿಗಳು, 20 ತ್ರಿಕೋನಗಳು. 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ ಕೈಜೋಡಿಸಿದವು. 1890ರಲ್ಲಿ ಜರ್ಮನಿ ರಷ್ಯಾದೊಂದಿಗಿನ ಒಪ್ಪಂದವನ್ನು ನವೀಕರಿಸಲಿಲ್ಲ; ರಷ್ಯಾ ಫ್ರಾನ್ಸ್‌ನತ್ತ ವಾಲಿತು. 1904ರಲ್ಲಿ ಬ್ರಿಟನ್ ಫ್ರಾನ್ಸ್‌ನೊಂದಿಗೆ, 1907ರಲ್ಲಿ ರಷ್ಯಾದೊಂದಿಗೆ ರಾಜಿಯಾಯಿತು. ಹೆಚ್ಚುಕಡಿಮೆ ಎರಡು ಬಣ! ಸಮತೋಲವೆಂದರೆ ಶಾಂತಿಯಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ. ಆದರೆ ಈ ಲೆಕ್ಕವನ್ನು ಭವಿಷ್ಯವಾಣಿಯೆಂದು ತಿಳಿಯಬೇಡಿ: 1914ರಲ್ಲಿ ತಟಸ್ಥವಾಗಿದ್ದ ಇಟಲಿ ಮರುವರ್ಷ ಹಳೆಯ ಮಿತ್ರ ಆಸ್ಟ್ರಿಯಾ-ಹಂಗೇರಿಯ ವಿರುದ್ಧವೇ ಯುದ್ಧಕ್ಕಿಳಿಯಿತು.