ಬೆಳಕಿನ ಬೀದಿಯಲ್ಲಿ ಒಂದು ಸಂಜೆ

ಚಿತ್ರ ಬರೆಯುವ ಮಗುವಿನ ಕೈಯಿಂದ ಕುಂಚವನ್ನು ಬಿಡಿಸಿ ಲೆಕ್ಕದ ಪುಸ್ತಕವನ್ನು ಕೊಡುವುದು ನಮ್ಮವರ ಅನೇಕ ಮನೆಗಳಲ್ಲಿ ನಡೆದುಬಂದಿರುವ ಪದ್ಧತಿ. ಕಲೆಯು ವಿರಾಮಕಾಲದ ವಿನೋದ, ವಿಜ್ಞಾನವು ಅನ್ನದ ದಾರಿ ಎಂಬ ಭಾವನೆಯೇ ಇದಕ್ಕೆ ಮೂಲ. ಇವೆರಡೂ ಜೊತೆಗೂಡಿ ನಡೆಯುವ ಬೀದಿಯೊಂದನ್ನು ನಾವು ಹಾಲೆಂಡ್ ದೇಶದ ಐಂಡ್‌ಹೋವನ್ ಪಟ್ಟಣದಲ್ಲಿ ಕಂಡೆವು.

1891ರಲ್ಲಿ ಫಿಲಿಪ್ಸ್ ಮನೆತನದವರು ವಿದ್ಯುದ್ದೀಪದ ಕಾರ್ಖಾನೆಯನ್ನು ತೆರೆದುದು ಈ ಊರಿನಲ್ಲಿಯೇ. ಆದುದರಿಂದ ಇದಕ್ಕೆ ಬೆಳಕಿನ ಪಟ್ಟಣವೆಂಬ ಹೆಸರುಂಟು. ಇಲ್ಲಿ 2006ರಿಂದ ಪ್ರತಿವರ್ಷವೂ ನವೆಂಬರ್ ತಿಂಗಳಿನಲ್ಲಿ ಸುಮಾರು ಒಂದು ವಾರ 'ಗ್ಲೋ' ಎಂಬ ದೀಪೋತ್ಸವವು ನಡೆಯುತ್ತ ಬಂದಿದೆ. ಕಲಾವಿದರೂ ತಾಂತ್ರಿಕ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಬೆಳಕಿನ ಕೃತಿಗಳನ್ನು ರಚಿಸಿ ಬೀದಿಬೀದಿಗಳಲ್ಲಿ ನಿಲ್ಲಿಸುತ್ತಾರೆ. ನಡೆದು ನೋಡುವವರಿಗೆ ಶುಲ್ಕವಿಲ್ಲ.

ಉದ್ಯೋಗನಿಮಿತ್ತವಾಗಿ ಆ ಊರಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ನಮ್ಮದೂ ಒಂದು. ನವೆಂಬರಿನಲ್ಲಿ ಅಲ್ಲಿ ಐದು ಗಂಟೆಗೆಲ್ಲ ಕತ್ತಲೆ. ಮಕ್ಕಳಿಗೆ ಉಣ್ಣೆಯ ಅಂಗಿ ತೊಡಿಸಿ, ಅಜ್ಜಿಗೆ ಎರಡು ಶಾಲು ಹೊದಿಸಿ, ಬಿಸಿಹಾಲನ್ನು ಕಟ್ಟಿಕೊಂಡು ಹೊರಟೆವು. ಜನಸಂದಣಿಯನ್ನು ನೋಡಿ ಅಜ್ಜಿ, "ಕಾರ್ತಿಕದಲ್ಲಿ ಇವರೂ ದೀಪ ಹಚ್ಚುತ್ತಾರಲ್ಲ!" ಎಂದು ಸಂತೋಷಪಟ್ಟರು.

ಹನ್ನೊಂದು ವರ್ಷದ ನಮ್ಮ ಮಗಳಿಗೆ ಚಿತ್ರವೆಂದರೆ ಪ್ರಾಣ. ಬರುವ ವರ್ಷ ಪಾಠಗಳು ಹೆಚ್ಚುವುದರಿಂದ ಚಿತ್ರದ ತರಗತಿಯನ್ನು ಮುಂದುವರಿಸುವುದೋ ಬಿಡಿಸುವುದೋ ಎಂಬ ಮಾತು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಒಂದು ಗೋಡೆಯ ಮುಂದೆ ಅವಳು ಥಟ್ಟನೆ ನಿಂತಳು.

"ಅಪ್ಪಾ, ಕೆಂಪಿಗೆ ಹಸಿರು ಬೆರೆಸಿದರೆ ನನ್ನ ಕಾಗದದ ಮೇಲೆ ಕಂದಾಗುತ್ತದೆ. ಇಲ್ಲಿ ಹಳದಿಯಾಗಿದೆಯಲ್ಲ, ಹೇಗೆ?"

ಲೆಕ್ಕದಲ್ಲಿ ಮುಂದಿರುವ ಅವಳ ಅಣ್ಣನು ಅದೇ ಗೋಡೆಯನ್ನು ನೋಡಿದ್ದರೂ ಅವನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬಳಿಯಲ್ಲಿದ್ದ ವಿದ್ಯಾರ್ಥಿಯೊಬ್ಬನು ವಿವರಿಸಿದನು: ಕಾಗದದ ಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ನುಂಗಿ ಮಿಕ್ಕುದನ್ನು ಮಾತ್ರ ಹಿಂದಿರುಗಿಸುತ್ತದೆ, ಬಣ್ಣಗಳು ಬೆರೆತಷ್ಟೂ ನುಂಗುವುದು ಹೆಚ್ಚು. ದೀಪಗಳಾದರೋ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಂಪೂ ಹಸಿರೂ ಕೂಡಿದರೆ ಹಳದಿ. ನೀಲಿಯೂ ಸೇರಿದರೆ ಬಿಳುಪು. ಮೂರು ದೀಪಗಳಿಗೂ ಅಡ್ಡಲಾಗಿ ಅಜ್ಜಿ ಕೈಯೊಡ್ಡಿದಾಗ ಗೋಡೆಯ ಮೇಲೆ ಬಣ್ಣಬಣ್ಣದ ನೆರಳುಗಳು ಮೂಡಿದವು. "ನೆರಳಿಗೂ ಬಣ್ಣವುಂಟೇ!" ಎಂದು ಅವರು ಮಗುವಿನಂತೆ ನಕ್ಕರು.

ಈ ಮೂರರಲ್ಲಿ ನೀಲಿಯು ಬಹುಕಾಲ ಕೈಗೆ ಸಿಕ್ಕದ ಬಣ್ಣ. ಕೆಂಪು ಮತ್ತು ಹಸಿರು ಎಲ್.ಇ.ಡಿ. ದೀಪಗಳು ಸಿದ್ಧವಾಗಿ ದಶಕಗಳು ಕಳೆದರೂ ಪ್ರಕಾಶಮಾನವಾದ ನೀಲಿಯು ದೊರೆತುದು 1990ರ ದಶಕದಲ್ಲಿ. ಇದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಇಂದು ನಮ್ಮ ಮನೆಗಳಲ್ಲಿ ಉರಿಯುವ ಬಿಳಿಯ ಎಲ್.ಇ.ಡಿ. ದೀಪದೊಳಗೂ ಸಾಮಾನ್ಯವಾಗಿ ನೀಲಿಯ ಬೆಳಕೇ ಹುಟ್ಟುತ್ತದೆ. ಹಳದಿ ಬೆಳಕು ಬೀರುವ ಲೇಪವೊಂದರ ಮೂಲಕ ಹಾದು ಅದು ನಮಗೆ ಬಿಳುಪಾಗಿ ತೋರುತ್ತದೆ.

ಐಂಡ್‌ಹೋವನ್ನಿಗೆ ಸಮೀಪದ ನ್ಯೂನನ್ ಗ್ರಾಮದಲ್ಲಿ ಚಿತ್ರಕಾರ ವ್ಯಾನ್ ಗೋ 1883ರಿಂದ 1885ರವರೆಗೆ ವಾಸಿಸಿದ್ದನು. ಅವನ 1889ರ ನಕ್ಷತ್ರರಾತ್ರಿಯ ಚಿತ್ರವನ್ನು ನೆನೆದು ದಾನ್ ರೋಸ್‌ಗಾರ್ದೆ ಎಂಬ ಕಲಾವಿದನು ಆ ಸೀಮೆಯಲ್ಲಿ ಸೈಕಲ್ ದಾರಿಯೊಂದನ್ನು ರಚಿಸಿದನು. 2014ರಲ್ಲಿ ಅದು ತೆರೆಯಿತು. ಹಗಲಿನ ಬೆಳಕನ್ನು ಕುಡಿದು ಇರುಳಿನಲ್ಲಿ ಹೊಳೆಯುವ ಸಾವಿರಾರು ಹರಳುಗಳನ್ನು ಅದರಲ್ಲಿ ಹುದುಗಿಸಿದೆ. ಚಿತ್ರಕಾರನಿಲ್ಲದೆ ಆ ದಾರಿಯ ಕಲ್ಪನೆಯಿಲ್ಲ. ರಸಾಯನವಿದ್ಯೆಯಿಲ್ಲದೆ ಅದರ ಹೊಳಪಿಲ್ಲ.

ಮಗಳ ಚಿತ್ರದ ತರಗತಿಯು ಮುಂದುವರಿಯಬೇಕೆಂದು ಮನೆಗೆ ಮರಳುವ ದಾರಿಯಲ್ಲಿಯೇ ತೀರ್ಮಾನವಾಯಿತು. ಮೊದಲು ಹೇಳಿದವರು ಅಜ್ಜಿ. ಗೃಹಸ್ಥರಾದ ವಾಚಕರು ಇದಕ್ಕಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಮೂರು ಟಾರ್ಚುಗಳು, ಕೆಂಪು, ಹಸಿರು, ನೀಲಿಯ ತೆಳು ಬಣ್ಣದ ಹಾಳೆಗಳು, ಒಂದು ಬಿಳಿಯ ಗೋಡೆ, ಊಟವಾದ ಮೇಲಿನ ಅರ್ಧ ಗಂಟೆ ಇದ್ದರೆ ಸಾಕು. ಉತ್ತರವನ್ನು ಹೇಳುವ ಅವಸರ ಬೇಡ. ಮಕ್ಕಳು ಮೊದಲು ಕೈಯೊಡ್ಡಿ ನೋಡಲಿ.