ಸಲೋನಿಕದ ಶನಿವಾರ

ಏಜಿಯನ್ ಸಮುದ್ರದ ವಾಯವ್ಯ ಮೂಲೆಯಲ್ಲಿ, ಒಂದು ಕೊಲ್ಲಿಯ ತುದಿಯಲ್ಲಿ, ಸಲೋನಿಕ ಎಂಬ ಪ್ರಾಚೀನ ರೇವುಪಟ್ಟಣವಿದೆ. ಇಂದು ಅದು ಗ್ರೀಸ್ ದೇಶದ ಎರಡನೆಯ ದೊಡ್ಡ ನಗರ. ಗ್ರೀಕರು ಅದನ್ನು ಥೆಸಲೊನೀಕಿ ಎಂದು ಕರೆಯುತ್ತಾರೆ. 1430ರಿಂದ 1912ರವರೆಗೆ ಅದು ತುರ್ಕಿಯ ಆಟೊಮನ್ ಸುಲ್ತಾನರ ಆಳ್ವಿಕೆಯಲ್ಲಿದ್ದಿತು. 19ನೆಯ ಶತಮಾನದ ಕೊನೆಯಲ್ಲಿ ಶನಿವಾರದ ದಿನ ಅಲ್ಲಿಗೆ ಬಂದು ತಲಪಿದ ಹಡಗು ಸುಮ್ಮನೆ ಕಾಯಬೇಕಾಗುತ್ತಿತ್ತು. ಸರಕು ಇಳಿಸುವ ಆಳು ಸಿಕ್ಕುತ್ತಿರಲಿಲ್ಲ; ದೋಣಿ ನಡೆಸುವವನೂ ಸಿಕ್ಕುತ್ತಿರಲಿಲ್ಲ. ಪೇಟೆಯ ಅಂಗಡಿಗಳಲ್ಲಿ ಬಹುಪಾಲು ಮುಚ್ಚಿರುತ್ತಿದ್ದವು. ರಾಜ್ಯವಾಳುವವರು ಮುಸಲ್ಮಾನರು, ಅವರ ಪವಿತ್ರ ದಿನ ಶುಕ್ರವಾರ. ಗ್ರೀಕ್ ಕ್ರೈಸ್ತರಿಗೆ ಭಾನುವಾರ. ಆದರೂ ಬಂದರು ವಿಶ್ರಮಿಸುತ್ತಿದ್ದುದು ಶನಿವಾರ. ಏಕೆಂದರೆ ಆ ನಗರದಲ್ಲಿ ಯಹೂದಿಗಳೇ ಎಲ್ಲರಿಗಿಂತ ಹೆಚ್ಚಾಗಿದ್ದರು.

ಇದಕ್ಕೆ ಕಾರಣವನ್ನು ನಾವು ಸ್ಪೇನಿನಲ್ಲಿ ಹುಡುಕಬೇಕು. 1492ರಲ್ಲಿ ಅಲ್ಲಿಯ ಅರಸ ಫರ್ಡಿನಾಂಡ್ ಮತ್ತು ರಾಣಿ ಇಸಬೆಲ್ಲ, ಕ್ರೈಸ್ತ ಮತಕ್ಕೆ ಸೇರಲೊಪ್ಪದ ಯಹೂದಿಗಳೆಲ್ಲ ದೇಶ ಬಿಟ್ಟು ಹೋಗಬೇಕೆಂದು ಆಜ್ಞೆ ಹೊರಡಿಸಿದರು. ನೆಲೆ ಕಳೆದುಕೊಂಡವರಿಗೆ ಸುಲ್ತಾನ ಎರಡನೆಯ ಬಾಯಜೀದನು ತನ್ನ ರಾಜ್ಯದಲ್ಲಿ ಆಶ್ರಯ ಕೊಟ್ಟನು. ಅವರಲ್ಲಿ ಅನೇಕರು ಸಲೋನಿಕಕ್ಕೆ ಬಂದರು. ಬಂದವರು ತಮ್ಮ ತಮ್ಮ ಊರುಗಳ ನೆನಪಿನಲ್ಲಿ ಅರಗಾನ್, ಕಾಸ್ಟೀಲ್, ಲಿಸ್ಬನ್ ಎಂಬ ಹೆಸರುಗಳಿಂದಲೇ ಪ್ರಾರ್ಥನಾ ಮಂದಿರಗಳನ್ನು ಕಟ್ಟಿಕೊಂಡರು. ಉಣ್ಣೆಯ ಬಟ್ಟೆ ನೇಯ್ದು ಸುಲ್ತಾನನ ಸೈನ್ಯಕ್ಕೆ ಒದಗಿಸಿದರು. ತಮ್ಮನ್ನು ಹೊರದೂಡಿದ ದೇಶದ ಭಾಷೆಯನ್ನು ಮಾತ್ರ ಅವರು ಬಿಡಲಿಲ್ಲ. ಹಳೆಯ ಸ್ಪ್ಯಾನಿಷ್ ನುಡಿಯನ್ನು ಹೀಬ್ರೂ ಲಿಪಿಯಲ್ಲಿ ಬರೆಯುತ್ತ, ನಾಲ್ಕು ಶತಮಾನಗಳಿಗೂ ಮೀರಿ ಮನೆಮಾತಾಗಿ ಉಳಿಸಿಕೊಂಡರು.

ಯುರೋಪಿನ ಯಹೂದಿಗಳೆಂದರೆ ವರ್ತಕರು, ಲೇವಾದೇವಿಯವರು ಎಂಬ ಭಾವನೆ ಅನೇಕರಲ್ಲಿದೆ. ಸಲೋನಿಕ ಇದನ್ನು ಸುಳ್ಳು ಮಾಡುತ್ತದೆ. ಅಲ್ಲಿ ಸಿರಿವಂತ ಯಹೂದಿಗಳಿದ್ದರು, ನಿಜ. ಆದರೆ ಮೀನುಗಾರರು, ತಂಬಾಕಿನ ಕೆಲಸಗಾರರು, ಬೆನ್ನಿನ ಮೇಲೆ ಮೂಟೆ ಹೊರುವ ಹಮಾಲರು, ಇವರೂ ಯಹೂದಿಗಳೇ. ಹಮಾಲ ಎಂಬ ಅರಬ್ಬೀ ಮಾತು ನಮ್ಮ ಮಂಡಿಗಳಿಗೂ ಬಂದಿದೆಯಷ್ಟೆ! ಧನಿಕರು ಮಾತ್ರ ಅಂಗಡಿ ಮುಚ್ಚಿದ್ದರೆ ಬಂದರು ನಿಲ್ಲುತ್ತಿರಲಿಲ್ಲ. ಹೊರೆಯಾಳು ಹಗ್ಗ ಕೆಳಗಿಟ್ಟುದರಿಂದ ಅದು ನಿಂತಿತು.

ಯಹೂದಿಗಳಿಗೆ ದಿನವು ಮೊದಲಾಗುವುದು ನಮ್ಮ ಪಂಚಾಂಗದಂತೆ ಸೂರ್ಯೋದಯದಿಂದಲ್ಲ, ಸೂರ್ಯಾಸ್ತದಿಂದ. ಆದ್ದರಿಂದ ಶನಿವಾರದ ಸಬ್ಬತ್ ಶುಕ್ರವಾರ ಸಂಜೆಯೇ ಆರಂಭವಾಗುತ್ತದೆ. ಅಲ್ಲಿಂದ ಮರುದಿನ ಇರುಳಿನಲ್ಲಿ ನಕ್ಷತ್ರಗಳು ಕಾಣುವವರೆಗೆ ದುಡಿಮೆಯಿಲ್ಲ, ಒಲೆ ಹೊತ್ತಿಸುವಂತೆಯೂ ಇಲ್ಲ. ಹೀಗಾಗಿ ಶುಕ್ರವಾರವೆಂದರೆ ಮನೆಯ ಹೆಂಗಸರಿಗೆ ಬಿಡುವಿಲ್ಲದ ದಿನ. ಮನೆ ಗುಡಿಸಿ ತೊಳೆದು, ಎರಡು ದಿನದ ಅಡುಗೆಯನ್ನು ಬೆಳಕಿರುವಾಗಲೇ ಮುಗಿಸಬೇಕು. ಮೊಟ್ಟೆಗಳನ್ನು ಈರುಳ್ಳಿ ಸಿಪ್ಪೆಯೊಡನೆ ನೀರಿನಲ್ಲಿಟ್ಟು, ಸಣ್ಣ ಕಾವಿನಲ್ಲಿ ಇರುಳೆಲ್ಲ ಬೇಯಲು ಬಿಡುತ್ತಿದ್ದರು. ಬೆಳಗಾಗುವ ಹೊತ್ತಿಗೆ ಅವು ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಹೊತ್ತು ಮುಳುಗುವ ಮುನ್ನ ತಾಯಿ ದೀಪ ಹಚ್ಚುವಳು. ತಂದೆ ದ್ರಾಕ್ಷಾರಸದ ಬಟ್ಟಲು ಹಿಡಿದು ಪ್ರಾರ್ಥನೆ ಹೇಳುವನು. ಮಕ್ಕಳು ಹಿರಿಯರ ಕೈಗೆ ಮುತ್ತಿಟ್ಟು ಆಶೀರ್ವಾದ ಪಡೆಯುವರು. ಮರುದಿನ ಬೆಳಗಿನ ಪ್ರಾರ್ಥನೆ ಮುಗಿಸಿ ಬಂದವರಿಗೆ ಆ ಮೊಟ್ಟೆಗಳೂ, ಗಿಣ್ಣು ತುಂಬಿದ ಕಡುಬಿನಂಥ ಬೊರೇಕಗಳೂ ಸಿದ್ಧವಾಗಿರುತ್ತಿದ್ದವು.

ಬಡವರ ಮನೆಗಳು ಒಂದು ಅಂಗಳದ ಸುತ್ತ ಕೂಡಿಕೊಂಡಿರುತ್ತಿದ್ದವು. ನಮ್ಮ ವಠಾರದಂತೆ, ಅಲ್ಲಿಯೂ ಒಬ್ಬರ ಮನೆಯ ಸಂತೋಷವಾಗಲಿ ಜಗಳವಾಗಲಿ ಎಲ್ಲರಿಗೂ ತಿಳಿಯುತ್ತಿತ್ತು. ಮದುವೆಗೆ ಮುನ್ನ ವಧುವಿಗಾಗಿ ವರ್ಷಗಟ್ಟಲೆ ಹೊಲಿದು ಕೂಡಿಸಿದ ಬಟ್ಟೆಬರೆಗಳನ್ನು ಹರಡಿ ನೆಂಟರಿಗೆ ತೋರಿಸುವ ಪದ್ಧತಿಯಿತ್ತು. ಸ್ಪೇನಿನ ಅರಸುಮಕ್ಕಳ ಕಥೆ ಹೇಳುವ ಹಾಡುಗಳನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸುತ್ತಿದ್ದರು. ಸ್ಪೇನನ್ನು ಆ ಅಜ್ಜಿಯರೂ ಕಂಡವರಲ್ಲ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ರೂಢಿ. ನಮ್ಮಲ್ಲಿಯೂ ಅಜ್ಜನ ಹೆಸರು ಮೊಮ್ಮಗನಿಗೆ ಬರುವುದುಂಟು. ಸಲೋನಿಕದಲ್ಲಿ ಅಜ್ಜ ಬದುಕಿರುವಾಗಲೇ ಹೆಸರಿಡುತ್ತಿದ್ದುದರಿಂದ, ಅಂಗಳದಲ್ಲಿ ನಿಂತು ಒಂದು ಹೆಸರು ಕೂಗಿದರೆ ಮುದುಕನೊಬ್ಬನೂ ಹುಡುಗನೊಬ್ಬನೂ ಒಟ್ಟಿಗೆ ಓಗೊಡುವುದು ಸಾಮಾನ್ಯವಾಗಿತ್ತು. ಬಡ ಶಾಲಾಮಕ್ಕಳಿಗೆ ಊಟವಿಕ್ಕುವ ಸಂಸ್ಥೆ, ಅನಾಥಾಲಯ, ಆಸ್ಪತ್ರೆ, ಇವನ್ನೆಲ್ಲ ಸಮುದಾಯವೇ ನಡೆಸುತ್ತಿತ್ತು.

1912ರಲ್ಲಿ ನಗರವು ಗ್ರೀಸಿನ ವಶವಾಯಿತು. ಮರುವರ್ಷದ ಜನಗಣತಿಯಲ್ಲಿ ಸುಮಾರು 1,58,000 ನಿವಾಸಿಗಳ ಪೈಕಿ 61,000 ಮಂದಿ ಯಹೂದಿಗಳಿದ್ದರು. 1917ರ ಆಗಸ್ಟಿನಲ್ಲಿ ಎದ್ದ ಬೆಂಕಿ ನಗರದ ನಡುಭಾಗವನ್ನೆಲ್ಲ ಸುಟ್ಟಿತು. ಮನೆ ಕಳೆದುಕೊಂಡ ಸುಮಾರು 70,000 ಜನರಲ್ಲಿ ಹೆಚ್ಚಿನವರು ಯಹೂದಿಗಳು. 1923ರ ಒಪ್ಪಂದದಂತೆ ಮುಸಲ್ಮಾನರು ತುರ್ಕಿಗೆ ಹೋದರು. ಅಲ್ಲಿಂದ ಬಂದ ಗ್ರೀಕ್ ನಿರಾಶ್ರಿತರು ಊರನ್ನು ತುಂಬಿದರು. 1924ರಲ್ಲಿ ಎಲ್ಲರೂ ಭಾನುವಾರ ಅಂಗಡಿ ಮುಚ್ಚಬೇಕೆಂಬ ಕಾನೂನು ಬಂತು. ಅಕ್ಷರದಲ್ಲಿ ಅದು ಸರ್ವರಿಗೂ ಸಮ. ಆದರೆ ಸಬ್ಬತ್ತನ್ನು ಬಿಡದ ಯಹೂದಿಗೆ ವಾರದಲ್ಲಿ ಎರಡು ದಿನದ ಗಳಿಕೆ ಹೋಗುತ್ತಿತ್ತು. ಬಿಟ್ಟರೆ ಶತಮಾನಗಳ ಆಚಾರ ಹೋಗುತ್ತಿತ್ತು. ಅನೇಕರು ನಿರುಪಾಯರಾಗಿ ಶನಿವಾರವೂ ಬಾಗಿಲು ತೆರೆದರು. ಬಂದರಿನ ಕೆಲಸಗಾರರಲ್ಲಿ ಕೆಲವರು 1930ರ ದಶಕದಲ್ಲಿ ಪ್ಯಾಲೆಸ್ತೀನಿನ ಹೈಫಾ ಬಂದರಿಗೆ ವಲಸೆ ಹೋದರು. ಹಾಗೆ ಹೋದವರು ಬದುಕಿಕೊಂಡರು.

1941ರ ಏಪ್ರಿಲಿನಲ್ಲಿ ಹಿಟ್ಲರನ ಸೇನೆ ನಗರವನ್ನು ಹಿಡಿಯಿತು. 1943ರ ಮಾರ್ಚ್ 15ರಂದು ಯಹೂದಿಗಳನ್ನು ತುಂಬಿಕೊಂಡು ಮೊದಲ ರೈಲು ಪೋಲೆಂಡಿನ ಆಶ್ವಿಟ್ಸ್ ಶಿಬಿರದ ಕಡೆ ಹೊರಟಿತು. ಆಗಸ್ಟ್ ತಿಂಗಳ ಹೊತ್ತಿಗೆ ಸುಮಾರು 46,000 ಮಂದಿಯನ್ನು ಸಾಗಿಸಿಯಾಗಿತ್ತು. ದುಡಿಯಲಾರದವರನ್ನು, ಎಂದರೆ ವೃದ್ಧರನ್ನೂ ಎಳೆಯ ಮಕ್ಕಳನ್ನೂ, ಅಲ್ಲಿ ಇಳಿದೊಡನೆಯೇ ವಿಷಾನಿಲದಿಂದ ಕೊಂದರು. ಒಂದೇ ಹೆಸರಿನ ಅಜ್ಜ ಮೊಮ್ಮಕ್ಕಳು ಹೀಗೆ ಜೊತೆಯಲ್ಲಿಯೇ ಮಡಿದರು. ಯುದ್ಧ ಮುಗಿದ ಮೇಲೆ ಊರಿಗೆ ಹಿಂದಿರುಗಿದವರ ಸಂಖ್ಯೆ ಎರಡು ಸಾವಿರವನ್ನೂ ಮುಟ್ಟಲಿಲ್ಲ. ಅವರಲ್ಲಿ ಬಹುಮಂದಿ ತರುಣ ತರುಣಿಯರು. ಅವರು ಬೇಗ ಬೇಗನೆ ಮದುವೆಯಾದರು. ಹುಟ್ಟಿದ ಮಕ್ಕಳಿಗೆ ಹಿರಿಯರ ಹೆಸರುಗಳನ್ನೇ ಇಟ್ಟರು. ಆ ಹೆಸರಿಗೆ ಓಗೊಡಲು ಅಂಗಳದಲ್ಲಿ ಹಿರಿಯರಿರಲಿಲ್ಲ.

ಈಗ ಸಲೋನಿಕದಲ್ಲಿ ಸುಮಾರು ಸಾವಿರ ಯಹೂದಿಗಳಿದ್ದಾರೆ. ಹಳೆಯ ಯಹೂದಿ ಸ್ಮಶಾನವನ್ನು 1942ರಲ್ಲಿ ಕಿತ್ತುಹಾಕಿದರು. ಆ ನೆಲದ ಮೇಲೆ ಇಂದು ವಿಶ್ವವಿದ್ಯಾನಿಲಯ ನಿಂತಿದೆ. 1927ರಲ್ಲಿ ಕಟ್ಟಿದ ಮೊನಾಸ್ತಿರ್ ಪ್ರಾರ್ಥನಾ ಮಂದಿರವನ್ನು ಯುದ್ಧಕಾಲದಲ್ಲಿ ರೆಡ್ ಕ್ರಾಸ್ ಸಂಸ್ಥೆ ಉಗ್ರಾಣವಾಗಿ ಬಳಸುತ್ತಿದ್ದುದರಿಂದ ಅದು ನಾಶವಾಗದೆ ಉಳಿಯಿತು.